ದೋಣಿಯ ಹಿಂದಿನ ನೀರು

ಹೊಸಕೋಟೆಯ ಹೆದ್ದಾರಿ ಪಕ್ಕದಲ್ಲಿ ಬೆಳೆದವರ ಕಿವಿಗೆ ಒಂದು ವಾದ ಚಿಕ್ಕಂದಿನಿಂದ ಬಿದ್ದೇ ಇರುತ್ತದೆ: ಟಾಟಾನೋ, ಲೇಲ್ಯಾಂಡೋ? ಬೆಂಗಳೂರಿನಿಂದ ಕೋಲಾರಕ್ಕೂ ಅಲ್ಲಿಂದಾಚೆ ಮದ್ರಾಸಿಗೂ ಹೋಗುವ ಲಾರಿಗಳು ನಮ್ಮೂರನ್ನು ಹಾದೇ ಹೋಗುತ್ತಿದ್ದವು. ಗ್ಯಾರೇಜಿನ ಮುಂದೆ ಟೀ ಲೋಟ ಹಿಡಿದ ಮಾಲೀಕರು ಎಂಜಿನ್ನು, ಆಕ್ಸಲ್ಲು, ಮೈಲೇಜು ಎಂದು ಗಂಟೆಗಟ್ಟಲೆ ಜಗ್ಗಾಡುತ್ತಿದ್ದರು. ಗಾಡಿ ಕೊಳ್ಳುವ ದಿನ ಬಂದಾಗ ಮಾತ್ರ, ನಡುರಾತ್ರಿ ಮುಳಬಾಗಿಲಿನ ಹತ್ತಿರ ಕೆಟ್ಟು ನಿಂತರೆ ಯಾವ ಮೇಸ್ತ್ರಿ ಎದ್ದು ಬರುತ್ತಾನೆ ಎಂಬುದೇ ತೀರ್ಮಾನ ಮಾಡುತ್ತಿತ್ತು. 1998ರಲ್ಲಿ ವೋಲ್ವೋ ಲಾರಿ ಕಾರ್ಖಾನೆ ನಮ್ಮ ತಾಲ್ಲೂಕಿಗೇ ಬಂತು. ಅಲ್ಲಿ ಕೆಲಸಕ್ಕೆ ಸೇರಿದ ಗೆಳೆಯನೊಬ್ಬ, ಇದೇ ಬಳಗದವರು ಪೆಂಟಾ ಎಂಬ ಹೆಸರಿನಲ್ಲಿ ದೋಣಿಗಳಿಗೂ ಎಂಜಿನ್ ಮಾಡುತ್ತಾರೆ ಎಂದು ಹೇಳಿದ್ದು ನೆನಪಿನಲ್ಲಿ ಉಳಿದುಬಿಟ್ಟಿತು. ಲಾರಿ ಕೊಳ್ಳುವವನ ಲೆಕ್ಕ ನನಗೆ ಗೊತ್ತಿತ್ತು. ದುಡಿಯದ ದೋಣಿಗೆ, ನೀರಿನ ಮೇಲೆ ಆಡುವುದಕ್ಕೆಂದೇ ಕಟ್ಟಿದ ದೋಣಿಗೆ, ಕೋಟಿ ರೂಪಾಯಿಗೂ ಮಿಗಿಲಾದ ಹಣ ಹಾಕುವವನ ಲೆಕ್ಕ ಏನಿರಬಹುದು?

ನಮ್ಮ ದೊಡ್ಡ ಕೆರೆಯಲ್ಲಿ ದೋಣಿ ಎಂದರೆ ಮೀನು ಹಿಡಿಯುವವರ ಹರಿಗೋಲು. ಮಲ್ಪೆಗೆ ಹೋದರೆ ಟ್ರಾಲ್ ಬೋಟುಗಳ ಎಂಜಿನ್ ಒಡಲೊಳಗೇ ಇರುವುದನ್ನೂ, ನಾಡದೋಣಿಗಳು ಹಿಂಬದಿಗೆ ಔಟ್‌ಬೋರ್ಡ್ ಕಟ್ಟಿಕೊಂಡಿರುವುದನ್ನೂ ನೋಡಬಹುದು. ಒಡಲೊಳಗೆ ಎಂಜಿನ್ ಇಟ್ಟುಕೊಂಡು, ಹಿಂದೊಬ್ಬ ಮನುಷ್ಯನನ್ನು ಹಗ್ಗದಿಂದ ಎಳೆಯುವುದೇ ಕಸುಬಾಗಿರುವ ದೋಣಿಗಳ ನಾಡು ಅಮೆರಿಕ. ತಂಗಿಯ ಮಗ ಒರ್ಲಾಂಡೊದಲ್ಲಿ, ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿ. ಇಬ್ಬರ ಮನೆಯ ನಡುವೆ ಟೆನೆಸೀ ಎಂಬ ಬೆಟ್ಟದ ಸೀಮೆಯನ್ನೂ ಸೇರಿಸಿಕೊಂಡು ಹೊರಟೆ.

ಒರ್ಲಾಂಡೊದ ಮೇಲೆ ವಿಮಾನ ಇಳಿಯುತ್ತಿದ್ದಂತೆ ಕೆಳಗೆ ಕೆರೆಗಳು, ಕೆರೆಗಳ ಪಕ್ಕದಲ್ಲಿ ಕೆರೆಗಳು, ಎಲ್ಲವೂ ದುಂಡಗೆ. ಬಯಲುಸೀಮೆಯವನ ಕಣ್ಣು ಏರಿಯನ್ನು ಹುಡುಕಿತು, ತೂಬನ್ನು, ಕೋಡಿಯನ್ನು ಹುಡುಕಿತು. ಯಾವುದೂ ಇಲ್ಲ. ನೆಲದಡಿಯ ಸುಣ್ಣದ ಕಲ್ಲು ಕರಗಿ, ಮೇಲಿನ ಮಣ್ಣು ಕುಸಿದು, ತಗ್ಗಿನಲ್ಲಿ ನೀರು ನಿಂತು ತಾವಾಗಿಯೇ ಆದ ಕೆರೆಗಳು ಅವು. ಊರವರು ಬುಟ್ಟಿ ಹೊತ್ತು ಮಣ್ಣು ಹಾಕದೆ ಕೆರೆಯೊಂದು ಹುಟ್ಟುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ದಡದಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಬಿಸಿಲು ಕಾಯುತ್ತಿರುತ್ತದೆ, ಅದೇ ಕೆರೆಯಲ್ಲಿ ಮಕ್ಕಳು ಸ್ಕೀ ಕಲಿಯುತ್ತಿರುತ್ತಾರೆ.

ಈ ಆಟ ಹುಟ್ಟಿದ್ದು ಫ್ಲಾರಿಡಾದಲ್ಲಲ್ಲ, ದೂರದ ಮಿನೆಸೋಟದಲ್ಲಿ. 1922ರಲ್ಲಿ ಲೇಕ್ ಸಿಟಿ ಎಂಬ ಊರಿನ 18 ವರ್ಷದ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹುಡುಗ, ಹಿಮದ ಮೇಲೆ ಜಾರುವಂತೆ ನೀರಿನ ಮೇಲೂ ಜಾರಬಹುದು ಎಂದು ಹಟ ಹಿಡಿದ. ಮೊದಲು ಪೀಪಾಯಿಯ ಹಲಗೆ, ಆಮೇಲೆ ಹಿಮದ ಸ್ಕೀ, ಎರಡೂ ಮುಳುಗಿದವು. ಎಂಟಡಿ ಉದ್ದದ ಪೈನ್ ಹಲಗೆ ತಂದು, ಅಮ್ಮ ಬಟ್ಟೆ ಕುದಿಸುವ ಹಂಡೆಯಲ್ಲಿ ಅದರ ತುದಿಯನ್ನು ಬೇಯಿಸಿ ಮೇಲಕ್ಕೆ ಬಾಗಿಸಿ, ಚರ್ಮದ ಪಟ್ಟಿ ಹೊಡೆದು, ಕಿಟಕಿಗೆ ಕಟ್ಟುವ ಹಗ್ಗವನ್ನೇ ಹಿಡಿದುಕೊಂಡ. ದೋಣಿ ಓಡಿಸಿದವನು ಅಣ್ಣ ಬೆನ್. ಬಿದ್ದು, ಎದ್ದು, ಮತ್ತೆ ಬಿದ್ದು, ಜುಲೈ 2ರಂದು ಪೆಪಿನ್ ಸರೋವರದ ಮೇಲೆ ನಿಂತೇ ಬಿಟ್ಟ. ಗುಟ್ಟು ಇದ್ದದ್ದು ಮೈಯನ್ನು ಹಿಂದಕ್ಕೆ ವಾಲಿಸಿ ಸ್ಕೀ ತುದಿಯನ್ನು ನೀರಿನಿಂದ ಮೇಲೆತ್ತಿ ಹಿಡಿಯುವುದರಲ್ಲಿ. ಇವತ್ತಿಗೂ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಅದನ್ನೇ.

ಆಟವನ್ನು ಜಗತ್ತಿಗೆ ತೋರಿಸಿದ್ದು ಮಾತ್ರ ಫ್ಲಾರಿಡಾ. ಒರ್ಲಾಂಡೊದಿಂದ ಗಂಟೆ ದಾರಿಯ ವಿಂಟರ್ ಹೇವನ್‌ನಲ್ಲಿ ಡಿಕ್ ಪೋಪ್ ಎಂಬಾತ 1936ರಲ್ಲಿ ಸೈಪ್ರೆಸ್ ಗಾರ್ಡನ್ಸ್ ಎಂಬ ತೋಟ ತೆರೆದ. ಎರಡನೇ ಮಹಾಯುದ್ಧದ ಹೊತ್ತಿಗೆ, ಪತ್ರಿಕೆಯಲ್ಲಿ ಬಂದಿದ್ದ ಸ್ಕೀ ಚಿತ್ರ ನೋಡಿದ ಸೈನಿಕರು ಬಂದು ಪ್ರದರ್ಶನ ಎಷ್ಟು ಗಂಟೆಗೆ ಎಂದು ಕೇಳಿದರಂತೆ. ಪ್ರದರ್ಶನವೇ ಇರಲಿಲ್ಲ. ಪೋಪ್‌ನ ಹೆಂಡತಿ ಜೂಲಿ ಇಲ್ಲವೆನ್ನದೆ ಒಂದು ಹೊತ್ತು ಹೇಳಿ, ತನ್ನ ಮಕ್ಕಳನ್ನೂ ಅವರ ಗೆಳೆಯರನ್ನೂ ಕೆರೆಗಿಳಿಸಿದಳು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಮುಂದೆ ದಶಕಗಳ ಕಾಲ ಅದು ನಿತ್ಯದ ಆಟವಾಯಿತು. ತೋಟ 2009ರಲ್ಲಿ ಮುಚ್ಚಿತು, 2011ರಲ್ಲಿ ಅದೇ ಜಾಗದಲ್ಲಿ ಲೆಗೋಲ್ಯಾಂಡ್ ತೆರೆಯಿತು. ಹಳೆಯ ತೋಟದಲ್ಲಿ ಉಳಿದಿರುವುದರಲ್ಲಿ ನಾನು ತುಂಬ ಹೊತ್ತು ನಿಂತು ನೋಡಿದ್ದು 1939ರಲ್ಲಿ ನೆಟ್ಟ ಆಲದ ಮರವನ್ನು. ಒಂದು ಬಕೆಟ್ಟಿನಲ್ಲಿ ಸಸಿಯಾಗಿ ಬಂದದ್ದು ಈಗ ಬಿಳಲಿಳಿಸಿ, ಬಿಳಲುಗಳೇ ಕಾಂಡಗಳಾಗಿ, ಒಂದು ಜಾತ್ರೆಗಾಗುವಷ್ಟು ನೆರಳು ಹಾಸಿದೆ.

ಅಲ್ಲಿನ ಒಂದು ಚಿಕ್ಕ ಕೆರೆಯಲ್ಲಿ ಬೆಳಗಿನ ಜಾವ ನನ್ನನ್ನು ದೋಣಿಗೆ ಹತ್ತಿಸಿಕೊಂಡವರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟರು. ದೋಣಿ ಹಳೆಯ ಸ್ಕೀ ನಾಟೀಕ್. ಎಂಜಿನ್ ಸರಿಯಾಗಿ ನಡುಮಧ್ಯದಲ್ಲಿ, ಪೆಟ್ಟಿಗೆಯೊಂದರ ಅಡಿಯಲ್ಲಿ. ಅಲ್ಲಿಂದ ಉಕ್ಕಿನ ದಂಡವೊಂದು ತಳವನ್ನು ತೂರಿ ಓರೆಯಾಗಿ ನೀರಿಗಿಳಿಯುತ್ತದೆ, ಅದರ ತುದಿಯ ಪಂಖ ದೋಣಿಯ ಹೊಟ್ಟೆಯ ಕೆಳಗೇ ತಿರುಗುತ್ತದೆ. ಹಿಂದೆ ಬೀಳುವವನ ಕೈಕಾಲಿಗೆ ಪಂಖ ಸಿಗುವುದಿಲ್ಲ. ಇನ್‌ಬೋರ್ಡ್ ದೋಣಿಯ ಮೊದಲ ಗುಣವೇ ಇದು. ಇದಕ್ಕೆ ಬ್ರೇಕಿಲ್ಲ. ಗೇರು ತಪ್ಪಿಸಿದರೆ ಚುಕ್ಕಾಣಿಯೂ ಮಾತು ಕೇಳದು, ಏಕೆಂದರೆ ಪಂಖ ತಳ್ಳಿದ ನೀರು ಮೈಗೆ ಬಡಿದರೆ ಮಾತ್ರ ಚುಕ್ಕಾಣಿಗೆ ಜೀವ.

ಕೆರೆಯ ನಡುವೆ ಬಣ್ಣದ ಬುರುಡೆಗಳ ಸಾಲು. ಉದ್ದ 259 ಮೀಟರ್. ದೋಣಿ ನಡುಗೆರೆಯಲ್ಲಿ ನೇರ ಹೋಗಬೇಕು, ಸ್ಕೀ ಹಾಕಿದವರು ಎಡಕ್ಕೊಂದು ಬಲಕ್ಕೊಂದರಂತೆ ಆರು ಬುರುಡೆಗಳ ಹೊರಸುತ್ತು ಬರಬೇಕು. ಒಂದೊಂದೂ ನಡುಗೆರೆಯಿಂದ 11.5 ಮೀಟರ್ ದೂರ. ಗಂಡಸರ ಪಂದ್ಯದ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಎಲ್ಲ ಮುಗಿಯುವುದು 16 ಸೆಕೆಂಡಿನಲ್ಲಿ. ಗೆದ್ದರೆ ಬಹುಮಾನವೆಂದರೆ ಹಗ್ಗ ಮೋಟಾಗುವುದು. 18.25 ಮೀಟರಿನಿಂದ ಶುರುವಾಗಿ 13ಕ್ಕೆ, 12ಕ್ಕೆ, 11.25ಕ್ಕೆ ಬರುತ್ತದೆ. ಓದುಗರು ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ಬುರುಡೆ ಇರುವುದು 11.5 ಮೀಟರಿನಲ್ಲಿ, ಹಗ್ಗ ಅದಕ್ಕಿಂತ ಮೋಟು. ಮಿಕ್ಕದ್ದನ್ನು ಮನುಷ್ಯ ತನ್ನ ಮೈ ಚಾಚಿ ತುಂಬಬೇಕು. ನೀರಿಗೆ ಮೊಣಕೈ ತಾಗುವಷ್ಟು ವಾಲಿ, ಒಂದೇ ಕೈಯಲ್ಲಿ ಹಗ್ಗ ಹಿಡಿದು, ಸ್ಕೀಯನ್ನು ಬುರುಡೆಯ ಆಚೆಗೆ ತಳ್ಳುವ ಆ ಅರೆಗಳಿಗೆಯನ್ನು ಹತ್ತಿರದಿಂದ ನೋಡಿದೆ. ಅಷ್ಟು ಹೊತ್ತೂ ಮೇಷ್ಟರ ಕಣ್ಣು ಮುಂದೆ, ಮನಸ್ಸು ಹಿಂದೆ.

“ಈ ದೋಣಿಯೇ ಯಾಕೆ?” ಎಂದು ಕೇಳಿದೆ. ಅವರು ಎಂಜಿನ್ನಿನ ಹೆಸರು ಹೇಳಲಿಲ್ಲ. ತಿರುಗಿ, ಹಿಂದಿನ ನೀರನ್ನು ತೋರಿಸಿದರು. ಆ ವೇಗದಲ್ಲಿ ದೋಣಿಯ ಹಿಂದೆ ಏಳುವ ಅಲೆ ಅಂಗೈ ಎತ್ತರವೂ ಇರಲಿಲ್ಲ, ಮೆತ್ತಗಿತ್ತು. ಸ್ಕೀ ಅದನ್ನು ದಾಟುವಾಗ ಮಂಡಿಗೆ ಕುಲುಕು ತಟ್ಟದು. ಅದೇ ಬೇಕಾದ್ದು. ಜಗತ್ತಿನ ಬೇರೆಲ್ಲ ವಾಹನಗಳನ್ನು ಮುಂದೆ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ ಕೊಳ್ಳುತ್ತಾರೆ. ಈ ದೋಣಿಯನ್ನು ಮಾತ್ರ ಹಿಂದೆ ಏನು ಬಿಟ್ಟುಹೋಗುತ್ತದೆ ಎಂದು ನೋಡಿ ಕೊಳ್ಳುತ್ತಾರೆ. ಆ ಬೆಳಗ್ಗೆ ಇದು ತಿಳಿದ ಮೇಲೆ ಮುಂದೆ ಕೇಳಿದ ಎಲ್ಲ ಉತ್ತರಗಳೂ ನನಗೆ ಸರಿಯಾಗಿ ಕೇಳಿಸತೊಡಗಿದವು.

ಮೇಷ್ಟರಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳುವಾಗ ದೋಣಿ ನಿಲ್ಲಿಸಿದರು. ನಾಟೀಕ್ ಕಟ್ಟುವ ಕರೆಕ್ಟ್ ಕ್ರಾಫ್ಟ್ ಕಂಪನಿಯನ್ನು ವಾಲ್ಟರ್ ಮೆಲೂನ್ 1925ರಲ್ಲಿ ಒರ್ಲಾಂಡೊ ಪಕ್ಕದ ಪೈನ್ ಕ್ಯಾಸಲ್‌ನಲ್ಲಿ ಶುರು ಮಾಡಿದ. 1945ರಲ್ಲಿ ಸೈನ್ಯ ರೈನ್ ನದಿ ದಾಟಲು ದೋಣಿ ಬೇಕೆಂದು ಅವಸರ ಮಾಡಿದಾಗ, ಆ ಸಣ್ಣ ಕಾರ್ಖಾನೆ ಭಾನುವಾರ ಕೆಲಸ ಮಾಡುವುದಿಲ್ಲವೆಂಬ ತನ್ನ ನೇಮ ಬಿಡದೆ ಕೆಲವೇ ವಾರಗಳಲ್ಲಿ 300ಕ್ಕೂ ಹೆಚ್ಚು ದೋಣಿ ಕಟ್ಟಿಕೊಟ್ಟಿತು. 1950ರ ದಶಕದ ಕೊನೆಯಲ್ಲಿ ಸರ್ಕಾರಿ ಗುತ್ತಿಗೆಯ ತಪಾಸಣೆಯವರಿಗೆ ಲಂಚ ಕೊಡಲು ಮನೆತನ ಒಪ್ಪಲಿಲ್ಲ. ದೋಣಿಗಳು ತಿರಸ್ಕೃತವಾದವು, 1958ರಲ್ಲಿ ಕಂಪನಿ ದಿವಾಳಿ ಕಾನೂನಿನ ಆಸರೆಗೆ ಹೋಯಿತು. ಕಾನೂನು ಸಾಲದ ಬಹುಭಾಗ ಬಿಟ್ಟುಬಿಡಬಹುದು ಎಂದಿದ್ದರೂ ಮೆಲೂನ್ ಮನೆತನ ಸಾಲ ಕೊಟ್ಟವರನ್ನು ಹುಡುಕಿ ಹುಡುಕಿ ತೀರಿಸಿತು. ಕೊನೆಯ ಬಾಕಿ ಮುಟ್ಟಿದ್ದು 1984ರಲ್ಲಿ. ಫೈಬರ್ ಗ್ಲಾಸಿನ ಮೊದಲ ಸ್ಕೀ ನಾಟೀಕ್ 1961ರಲ್ಲಿ ನೀರಿಗಿಳಿದದ್ದು ಆ ಸಾಲದ ದಿನಗಳ ನಡುವೆಯೇ. ಮೇಷ್ಟರ ತಂದೆ ಒಂದು ಕಾಲದಲ್ಲಿ ಆ ಕೆರೆಸೀಮೆಯಲ್ಲಿ ಮರದ ವ್ಯಾಪಾರಿ. ಕೊಟ್ಟ ಮಾತಿನ ಬೆಲೆ ತಿಳಿದವರ ಮನೆ. ಬೇರೆ ದೋಣಿಯ ಷೋರೂಮಿಗೆ ಅವರು ಕಾಲಿಟ್ಟವರಲ್ಲ.

ಇದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಮೂವತ್ತು ವರ್ಷ ಬಾಳಬೇಕಾದ ವಸ್ತುವನ್ನು ಕೊಳ್ಳುವಾಗ, ಕಟ್ಟಿದವನು ಕಷ್ಟಕಾಲದಲ್ಲಿ ಹೇಗೆ ನಡೆದುಕೊಂಡ ಎಂದು ನೋಡುವುದು ಬಲು ಗಟ್ಟಿಯಾದ ವಿಚಾರಣೆ.

ಒರ್ಲಾಂಡೊದಿಂದ ಉತ್ತರಕ್ಕೆ ಕಾರಿನ ದಾರಿ ಉದ್ದ. ಜಾರ್ಜಿಯಾದ ಕೆಂಪು ಮಣ್ಣು ದಾಟಿ ಸ್ಮೋಕಿ ಬೆಟ್ಟಗಳ ನೀಲಿ ಕಾಣುವ ಹೊತ್ತಿಗೆ ಟೆನೆಸೀ. ಅಲ್ಲಿ ಮೇರಿವಿಲ್, ವೊನೋರ್, ಲೌಡನ್ ಎಂಬ ಮೂರು ಸಣ್ಣ ಊರು ಹತ್ತಿರ ಹತ್ತಿರ ಇವೆ. ಸ್ಕೀ ಶಾಲೆ ನಡೆಸುತ್ತಿದ್ದ ರಾಬ್ ಶರ್ಲಿ ಎಂಬಾತ ತನಗೆ ಬೇಕಾದ ಅಲೆ ಯಾವ ದೋಣಿಯೂ ಕೊಡುವುದಿಲ್ಲವೆಂದು 1968ರಲ್ಲಿ ಮೇರಿವಿಲ್‌ನ ಕುದುರೆ ಲಾಯದಲ್ಲಿ ತಾನೇ ದೋಣಿ ಕಟ್ಟಿದ. ಅದು ಮಾಸ್ಟರ್‌ಕ್ರಾಫ್ಟ್. ಈಗ ಅದರ ಕಾರ್ಖಾನೆ ವೊನೋರ್‌ನಲ್ಲಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಹುಟ್ಟಿದ ಮಾಲಿಬು ಕೂಡ ಈಗ ಲೌಡನ್‌ನದೇ ಆಗಿದೆ. ಸೂಪ್ರಾ, ಮೂಂಬಾ ದೋಣಿಗಳು ಮೇರಿವಿಲ್‌ನವು. ಪರಸ್ಪರ ಕತ್ತಿ ಮಸೆಯುವ ಕಂಪನಿಗಳ ಕೆಲಸಗಾರರು ಒಂದೇ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವ ಸೀಮೆ ಅದು.

ಇಷ್ಟೆಲ್ಲ ದೋಣಿ ಇಲ್ಲೇ ಯಾಕೆ ಎಂದರೆ, ಅಣೆಕಟ್ಟುಗಳು. ಟೆನೆಸೀ ಕಣಿವೆ ಪ್ರಾಧಿಕಾರ ಕಟ್ಟಿದ ಅಣೆಕಟ್ಟುಗಳಿಂದ ಬೆಟ್ಟದ ಸಂದುಗಳೆಲ್ಲ ಕವಲು ಕವಲು ಜಲಾಶಯಗಳಾಗಿವೆ. ವೊನೋರ್ ಪಕ್ಕದ ಟೆಲಿಕೊ ಜಲಾಶಯದ ಕತೆ ಶರಾವತಿಯ ಮುಳುಗಡೆ ಕಂಡ ನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಸ್ನೇಲ್ ಡಾರ್ಟರ್ ಎಂಬ ಬೆರಳುದ್ದದ ಮೀನಿಗಾಗಿ 1978ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಣೆಕಟ್ಟನ್ನು ತಡೆಯಿತು. ಮರುವರ್ಷ ಸಂಸತ್ತು ವಿನಾಯಿತಿ ಕೊಟ್ಟು ಬಾಗಿಲು ಮುಚ್ಚಿಸಿತು. ಚೆರೋಕಿ ಜನರ ಚೋಟ, ತನಸಿ ಎಂಬ ಹಳೆಯ ಊರುಗಳು ನೀರಿನಡಿ ಹೋದವು. ಮೀನು ಬೇರೆ ಹೊಳೆಗಳಲ್ಲಿ ಬದುಕಿಕೊಂಡು 2022ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು, ಊರುಗಳು ಬರಲಿಲ್ಲ. ದಡದಲ್ಲಿ ಸಿಕ್ವೋಯಾ ಎಂಬ ಚೆರೋಕಿ ಮಹನೀಯನ ಸ್ಮಾರಕವಿದೆ. ಯಾವ ಲಿಪಿಯನ್ನೂ ಓದಲು ಬಾರದಿದ್ದ ಆತ ತನ್ನ ಭಾಷೆಯ ಒಂದೊಂದು ಉಚ್ಚಾರಕ್ಕೂ ಒಂದೊಂದು ಅಕ್ಷರ ಮಾಡಿ 1821ರ ಹೊತ್ತಿಗೆ ಇಡೀ ಲಿಪಿಯನ್ನೇ ಕಟ್ಟಿದ. ದೋಣಿ ನೋಡಲು ಹೋದವನು ಆ ಅಕ್ಷರಗಳ ಹಲಗೆಯ ಮುಂದೆ ನಿಂತು ಕೈ ಮುಗಿದೆ.

ಟೆಲಿಕೊ ದಡದಲ್ಲಿ ಹಳೆಯ ದೋಣಿ ಕೊಳ್ಳಲು ಬಂದಿದ್ದ ಗಂಡಹೆಂಡತಿಯನ್ನು ನೋಡುವ ಯೋಗ ಸಿಕ್ಕಿತು. ಆಕೆ ಆಸ್ಪತ್ರೆಯ ದಾದಿ, ದೋಣಿ ಓಡಿಸುವವಳೂ ಅವಳೇ. ಕೈಯಲ್ಲೊಂದು ಸಣ್ಣ ರಬ್ಬರ್ ಸುತ್ತಿಗೆ. ಎಂಜಿನ್ ಮುಚ್ಚಳ ತೆಗೆಸಿ, ಬಾಗಿ, ಒಳಗಿನ ಉದ್ದ ತೊಲೆಗಳನ್ನು ಗೇಣು ಗೇಣಿಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದಳು. ಟಣ್ ಎಂದರೆ ಸರಿ, ದಬ್ ಎಂದರೆ ಒಳಗೆ ಕೊಳೆತಿದೆ. ಹಳೆಯ ಕಾಲದ ದೋಣಿಗಳಲ್ಲಿ ಈ ತೊಲೆಗಳು ಮರದವು, ಮೇಲೆ ಫೈಬರ್ ಹೊದಿಕೆ. ಎಂಜಿನ್ ಕೂರಿಸಿದ ಬೋಲ್ಟಿನ ತೂತಿನಿಂದ ನೀರು ಇಳಿದರೆ, ಹೊರಗೆ ಮೈ ಹೊಳೆಯುತ್ತಿದ್ದರೂ ಒಳಗೆ ಪುಡಿಯಾಗಿರುತ್ತದೆ. ಆಮೇಲೆ ಎಲ್ಲ ಕಂಪನಿಗಳೂ ಮರ ಬಿಟ್ಟವು. ಆ ಬದಲಾವಣೆ ಯಾವ ವರ್ಷ ಯಾವ ಹೆಸರಿನ ದೋಣಿಯಲ್ಲಿ ಬಂತು ಎಂಬುದು ಆ ಸೀಮೆಯ ಕೊಳ್ಳುವವರಿಗೆ ಬಾಯಿಪಾಠ.

ಅವಳ ಎರಡನೇ ಪರೀಕ್ಷೆ ದೋಣಿಯನ್ನು ದಕ್ಕೆಗೆ ಹಚ್ಚುವುದು. ಒಂದೇ ಪಂಖದ ಇನ್‌ಬೋರ್ಡ್ ಹಿಂದಕ್ಕೆ ಬರುವಾಗ ನೇರ ಬರುವುದಿಲ್ಲ. ಪಂಖ ತಿರುಗುವ ದಿಕ್ಕನ್ನು ನೋಡಿಕೊಂಡು ಬಾಲ ಒಂದು ಮಗ್ಗುಲಿಗೆ ಸರಿಯುತ್ತದೆ. ಕಲಿಯದವರಿಗೆ ಕಾಟ, ಕಲಿತವರಿಗೆ ಅನುಕೂಲ. ಆ ಸರಿತವನ್ನೇ ಬಳಸಿ ಅವಳು ದೋಣಿಯನ್ನು ಕಟ್ಟೆಗೆ ಮೆಲ್ಲಗೆ ಒರಗಿಸಿದಳು. ಅಪ್ಪನ ಮಾಸ್ಟರ್‌ಕ್ರಾಫ್ಟ್‌ನಲ್ಲಿ ಹದಿಮೂರರ ವಯಸ್ಸಿಗೆ ಕಲಿತ ವಿದ್ಯೆ ಅದು, ಅಂಥದೇ ಬೇಕು ಎಂದಳು. ಡೀಲರ್ ಯಾರು ಎಂಬುದನ್ನೂ ವಿಚಾರಿಸಿದೆ. ಹತ್ತಿರದ ಊರಿನಲ್ಲೊಬ್ಬ, ಹಬ್ಬದ ರಜೆಯಲ್ಲೂ ಫೋನೆತ್ತುತ್ತಾನಂತೆ. ಮುಳಬಾಗಿಲಿನ ರಾತ್ರಿ ಮೇಸ್ತ್ರಿಯ ಲೆಕ್ಕ ಟೆನೆಸೀಯಲ್ಲೂ ನಡೆಯುತ್ತಿತ್ತು.

ಎಂಜಿನ್ ವಿಷಯದಲ್ಲಿ ಮಾಲೀಕರ ಜಗಳ ನಾನೆಣಿಸಿದಷ್ಟು ಇರಲಿಲ್ಲ. ಹೆಚ್ಚಿನವು ಫೋರ್ಡ್ ಅಥವಾ ಜನರಲ್ ಮೋಟಾರ್ಸ್‌ನ ಎಂಟು ಸಿಲಿಂಡರಿನ ಬ್ಲಾಕು, ನೀರಿಗೆ ಒಗ್ಗಿಸಿದ್ದು. ಒಗ್ಗಿಸುವವರ ಹೆಸರು ಬೇರೆ ಬೇರೆ: ಪಿಸಿಎಂ, ಇಂಡ್‌ಮಾರ್, ಓಟದ ಕಾರುಗಳಿಂದ ಹೆಸರಾದ ಇಲ್ಮೋರ್. ವೋಲ್ವೋ ಪೆಂಟಾ ಎಂದೊಡನೆ ನನ್ನ ಕಿವಿ ನಿಮಿರಿತು. ಅವರು 2015ರಲ್ಲಿ ಫಾರ್ವರ್ಡ್ ಡ್ರೈವ್ ಎಂಬುದನ್ನು ತಂದರು. ಪಂಖಗಳ ಜೋಡಿ ಮುಂದಕ್ಕೆ ಮುಖ ಮಾಡಿ, ದೋಣಿಯ ಅಡಿಗೆ ಸರಿದು, ದೋಣಿಯನ್ನು ತಳ್ಳುವ ಬದಲು ಎಳೆಯುತ್ತವೆ. ಮಾಮೂಲಿ ವಿಹಾರದ ದೋಣಿಯ ಹಿಂದೆಯೂ ಅಲೆಯಾಡಬಹುದು, ಹಿಮ್ಮುಖವೂ ಸಲೀಸು. ಕೆಲವರು ಅದಕ್ಕೆ ಒಲಿದಿದ್ದಾರೆ. ಇನ್‌ಬೋರ್ಡ್ ನೆಚ್ಚಿದವರು ಮಾತ್ರ ಹಿಂದಿನ ಅಲೆಯನ್ನು ತೋರಿಸಿ ತಲೆಯಾಡಿಸುತ್ತಾರೆ.

ಕ್ಯಾಲಿಫೋರ್ನಿಯಾಗೆ ಬಂದಾಗ ಆ ಅಲೆಯ ಆಸೆಯೇ ತಿರುವುಮುರುವಾಗಿತ್ತು. ಫ್ಲಾರಿಡಾದ ಮೇಷ್ಟರು ಅಲೆ ಬೇಡವೆಂದು ದೋಣಿ ಆರಿಸಿದ್ದರು. ಅಕ್ಕನ ಮಗಳು, ಅವಳ ಗಂಡ, ಇನ್ನೂ ಮೂರು ಕನ್ನಡದ ಮನೆಯವರು ಸೇರಿ ಕೊಂಡ ದೋಣಿಗೆ ಅಲೆಯೇ ಸರ್ವಸ್ವ.

ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಕೂಡುವ ಡೆಲ್ಟಾ ನನ್ನ ಪ್ರವಾಸದ ದೊಡ್ಡ ಬೆರಗು. ಸುಮಾರು 1600 ಕಿಲೋಮೀಟರ್ ಉದ್ದದ ಕಾಲುವೆಗಳ ಜಾಲ. ನಡುನಡುವೆ ದ್ವೀಪಗಳು, ಸುತ್ತ ಮಣ್ಣಿನ ಏರಿ. ಒಳಗಿನ ಕಪ್ಪು ಜೌಗು ಮಣ್ಣು ಉಳುಮೆಯಿಂದ ಒಣಗಿ, ಗಾಳಿಗೆ ಹಾರಿ, ನೂರೈವತ್ತು ವರ್ಷದಲ್ಲಿ ಹೊಲಗಳು ಸಮುದ್ರಮಟ್ಟಕ್ಕಿಂತ ಕೆಳಗಿಳಿದಿವೆ. ಕೆಲವೆಡೆ ಏಳು ಮೀಟರ್‌ಗೂ ಹೆಚ್ಚು. ದೋಣಿಯಲ್ಲಿ ಎದ್ದು ನಿಂತರೆ ಏರಿಯಾಚೆಯ ಜೋಳದ ತೆನೆ ನಮ್ಮ ಕಾಲಿಗಿಂತ ಕೆಳಗೆ ತೂಗುತ್ತಿರುತ್ತದೆ. ನಮ್ಮ ಕಡೆ ಏರಿಯ ಹಿಂದೆ ನೀರು ನಿಲ್ಲಿಸಿ ಕೆಳಗೆ ಗದ್ದೆ ಮಾಡುತ್ತೇವೆ. ಅಲ್ಲಿ ಒಂದು ಸೀಮೆಗೆ ಸೀಮೆಯೇ ಹಾಗಿದೆ, ಒಂದು ಏರಿ ಒಡೆದರೆ ಒಂದು ದ್ವೀಪ ಕೆರೆಯಾಗುತ್ತದೆ.

ಅವರ ದೋಣಿ ಮರ್ಸೆಡ್‌ನಲ್ಲೇ ಕಟ್ಟುವ ಸೆಂಚುರಿಯನ್, ಕೈಬದಲಾಗಿ ಬಂದದ್ದು. ಹೊಸದಕ್ಕೆ ಒಂದೂವರೆ ಲಕ್ಷ ಡಾಲರ್ ದಾಟುತ್ತದೆ, ನಾಲ್ಕು ಮನೆ ಸೇರಿದರೂ ಭಾರ. ಇಲ್ಲಿ ಎಂಜಿನ್ ನಡುವಿನಲ್ಲಿಲ್ಲ, ಹಿಂದೆ ತಿರುಗಿ ಕೂತಿದೆ. ಅದರ ಶಕ್ತಿ ಮೊದಲು ಮುಂದಕ್ಕೆ ಬಂದು, ಗೇರುಪೆಟ್ಟಿಗೆಯಲ್ಲಿ ಮಡಚಿಕೊಂಡು, ಪಂಖಕ್ಕೆ ಹಿಂದಿರುಗುತ್ತದೆ. ಇದರಿಂದ ನಡುವೆ ಮನೆಮಂದಿ ಕೂರಲು ಜಾಗ, ಹಿಂದೆ ತೂಕ. ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ ಫ್ಯಾನು ಹಾಕಿ ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಗಟ್ಟಬೇಕು. ಮಕ್ಕಳು ಗಡಿಯಾರ ಹಿಡಿದು ನಿಂತಿರುತ್ತಾರೆ, ಒಂದು ಸೆಕೆಂಡೂ ಬಿಡುವುದಿಲ್ಲ.

ಅಗಲವಾದ ಕಾಲುವೆಗೆ ಬಂದ ಮೇಲೆ ಪಂಪುಗಳು ಗುಯ್ಗುಟ್ಟಿದವು. ಹೊಟ್ಟೆಯೊಳಗಿನ ತೊಟ್ಟಿಗಳಿಗೆ ಹೊಳೆಯ ನೀರೇ ತುಂಬಿ, ದೋಣಿ ಸಾವಿರಾರು ಪೌಂಡು ಭಾರವಾಗಿ ಹಿಂದಕ್ಕೆ ಕುಕ್ಕರಿಸಿತು. ಗಂಟೆಗೆ 17–18 ಕಿಲೋಮೀಟರ್ ವೇಗ, ಅಷ್ಟೇ. ಹಿಂದೆ ಎದ್ದ ಅಲೆ ಸೊಂಟದೆತ್ತರ. ಹತ್ತನೇ ತರಗತಿಯ ಮೊಮ್ಮಗಳು ಹಲಗೆಯ ಮೇಲೆ ಎದ್ದಳು, ಅಲೆಯ ಮಡಿಲು ಸಿಕ್ಕೊಡನೆ ಹಗ್ಗವನ್ನು ದೋಣಿಯೊಳಗೆ ಎಸೆದಳು. ಎಳೆಯುವವರು ಯಾರೂ ಇಲ್ಲ, ದೋಣಿಗೂ ಅವಳಿಗೂ ಯಾವ ಕಟ್ಟೂ ಇಲ್ಲ. ಆದರೂ ಮೂರು ಮೀಟರ್ ಅಂತರದಲ್ಲಿ ಅಲೆ ಅವಳನ್ನು ಹೊತ್ತು ನಮ್ಮ ಹಿಂದೆಯೇ ತರುತ್ತಿತ್ತು. ಅವಳ ಅಜ್ಜಿ ನೀರು ಸೇದಿದ ಊರು ನೆನಪಾಗಿ ನನಗೆ ಮಾತು ಹೊರಡಲಿಲ್ಲ.

ಹಿಂದೆಲ್ಲ ಇಂಥ ಅಲೆಗೆ ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಬೇಕಿತ್ತಂತೆ. ಸೀಸದ ಚೀಲಗಳು ಒಂದೇ ಬದಿಗೆ, ಜನವೂ ಒಂದೇ ಬದಿಗೆ. 2012ರಲ್ಲಿ ಮಾಲಿಬು ಸರ್ಫ್ ಗೇಟ್ ತಂದಿತು. ಹಿಂಬದಿಯ ಒಂದು ರೆಕ್ಕೆ ಹೊರಚಾಚಿ ಒಂದು ಬದಿಯ ನೀರನ್ನು ಅರೆಗಳಿಗೆ ತಡಮಾಡಿಸುತ್ತದೆ, ಎದುರು ಬದಿಯಲ್ಲಿ ಅಲೆ ಕಡೆದಂತೆ ಏಳುತ್ತದೆ. ದೋಣಿ ಸಮನಾಗಿಯೇ ಇರುತ್ತದೆ. ಪೇಟೆಂಟಿನ ಮೇಲೆ ನಾಟೀಕ್, ಮಾಸ್ಟರ್‌ಕ್ರಾಫ್ಟ್ ಎರಡರ ಮೇಲೂ ಮಾಲಿಬು ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. ಒಂದು ರೆಕ್ಕೆಗಾಗಿ ಅಷ್ಟು ಹೋರಾಟ ಯಾಕೆಂದರೆ ಮಾಲೀಕರು ದೋಣಿ ಬದಲಿಸುವುದೇ ಆ ರೆಕ್ಕೆಗಾಗಿ.

ಅಳಿಯ ಸೆಂಚುರಿಯನ್ ಆರಿಸಿದ್ದಕ್ಕೆ ಕೊಟ್ಟ ಕಾರಣಗಳು ಇವು: ಡೆಲ್ಟಾದ ಮಧ್ಯಾಹ್ನದ ಗಾಳಿಗೆ ನೀರು ಕುಲುಕುವಾಗ ಅದರ ಆಳವಾದ ತಳ ನೀರನ್ನು ಸೀಳುತ್ತದೆ, ಕಾರ್ಖಾನೆ ಒಂದೆರಡು ಗಂಟೆಯ ದಾರಿ, ಮತ್ತು ನಾಲ್ಕು ಮನೆಯ ಹೆಂಗಸರೂ ಓಡಿಸಿ ನೋಡಿ ಒಪ್ಪಿದ್ದು ಅದೊಂದನ್ನೇ. ಮೂರನೆಯದನ್ನು ಅಕ್ಕನ ಮಗಳು ಮೊದಲನೆಯದಾಗಿ ಹೇಳಿದಳು. ಯಾರು ಓಡಿಸಿದರೂ, ಓಡುವ ದೋಣಿಯ ಹಿಂಬದಿಯ ಹಲಗೆಗೆ ಜೋತು ಬೀಳುವ ಆಟ ಮಾತ್ರ ಅವರಲ್ಲಿ ಯಾರೂ ಆಡರು. ಎಂಜಿನ್ನಿನ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಸಿಕ್ಕಿ ಜನ ಸತ್ತದ್ದರಿಂದ ಕ್ಯಾಲಿಫೋರ್ನಿಯಾ 2005ರಿಂದ ಅದನ್ನು ನಿಷೇಧಿಸಿದೆ.

ದೊಡ್ಡ ಅಲೆಗೆ ಬೆಲೆಯೂ ಇದೆ, ದಡ ತೆರುವ ಬೆಲೆ. ಮಿನೆಸೋಟ ವಿಶ್ವವಿದ್ಯಾಲಯದವರು 2022ರಲ್ಲಿ ಅಳೆದು ನೋಡಿ, ಈ ದೋಣಿಗಳು ದಡದಿಂದ 500 ಅಡಿಯಾದರೂ ದೂರವಿರಲಿ ಎಂದರು. ವರ್ಮಾಂಟ್ ರಾಜ್ಯ 2024ರಲ್ಲಿ 500 ಅಡಿ ದೂರ, 20 ಅಡಿ ಆಳ ಎಂದು ನಿಯಮವನ್ನೇ ಮಾಡಿತು. ಏರಿಯ ಮಣ್ಣು ಸವೆಯುವುದನ್ನು ಕಂಡು ಬೆಳೆದ ನನಗೆ ಈ ನಿಯಮ ಎಲ್ಲ ಕಡೆಯೂ ಬರಬೇಕು ಎನ್ನಿಸಿತು, ಅಳಿಯನಿಗೂ ಹೇಳಿದೆ. ಅವನು ಅಗಲ ಕಾಲುವೆ ಬಿಟ್ಟು ಬೇರೆಡೆ ತೊಟ್ಟಿ ತುಂಬಿಸುವುದಿಲ್ಲ.

ಡೆಲ್ಟಾದ ಕೆಲವು ಕವಲುಗಳಲ್ಲಿ ನಮ್ಮ ಕೆರೆಗಳನ್ನು ಮುಚ್ಚುವ ಅದೇ ನೇರಳೆ ಹೂವಿನ ಜಲಕಳೆ ಇತ್ತು. ಅದಕ್ಕಿಂತ ಕೇಡಿನದು 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಸಿಕ್ಕಿತು: ಬಂಗಾರ ಬಣ್ಣದ ಪುಟ್ಟ ಚಿಪ್ಪುಜೀವಿ, ಉತ್ತರ ಅಮೆರಿಕದಲ್ಲಿ ಅದೇ ಮೊದಲು. ಪೈಪು, ಬಾಗಿಲು, ಪಂಪು ಎಲ್ಲಕ್ಕೂ ಕಚ್ಚಿಕೊಂಡು ಬೆಳೆಯುತ್ತದೆ. ಡೆಲ್ಟಾದಿಂದ ನೀರೆತ್ತಿ ಹರಿಸುವ ರಾಜ್ಯದ ಜಲಯೋಜನೆಯನ್ನು ನೆಚ್ಚಿದವರು ಸುಮಾರು 2 ಕೋಟಿ 70 ಲಕ್ಷ ಜನ. ಮರಿಗಳು ಕಣ್ಣಿಗೆ ಕಾಣವು, ದೋಣಿಯ ತೊಟ್ಟಿಯಲ್ಲಿ ಉಳಿದ ಒಂದು ಲೋಟ ನೀರಿನಲ್ಲಿ ಬೇರೆ ಜಲಾಶಯಕ್ಕೆ ಹೋಗಬಲ್ಲವು. ಹಾಗಾಗಿ 2025ರಿಂದ ಹಲವು ಜಲಾಶಯಗಳಲ್ಲಿ ತಪಾಸಣೆ, ಮೊಹರು, 30 ದಿನ ಒಣಗಿಸುವ ಕಟ್ಟುಪಾಡು. ಅಲೆ ಕೊಡುವ ಅದೇ ತೊಟ್ಟಿಗಳು ಈಗ ಮಾಲೀಕರ ಕೊರಳಿಗೆ ಬಂದಿವೆ, ಪಂಪು ಎಷ್ಟು ಹೀರಿದರೂ ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ.

ನಾನು ಹೊರಡುವ ಮುಂಚಿನ ಸಂಜೆ ನಾಲ್ಕು ಮನೆಯವರೂ ಅನ್ನ ಸಾರಿನ ತಟ್ಟೆ ಹಿಡಿದು ಇದನ್ನೇ ಮಾತಾಡಿದರು. ಈ ದೋಣಿಯನ್ನು ಡೆಲ್ಟಾ ಬಿಟ್ಟು ಎಲ್ಲಿಗೂ ಒಯ್ಯುವುದು ಬೇಡ, ಬೆಟ್ಟದ ಜಲಾಶಯಗಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗೋಣ ಎಂದು ತೀರ್ಮಾನವಾಯಿತು. ಮುಂದೊಂದು ದಿನ ಬೇರೆ ದೋಣಿ ಕೊಳ್ಳುವುದಾದರೆ ಯಾವುದು ಎಂಬ ಮಾತು ಬಂದಾಗ ಒಬ್ಬರು ಮಾಲಿಬು ಎಂದರು, ಒಬ್ಬರು ನಾಟೀಕ್ ಎಂದರು. ಮೊಮ್ಮಗಳು ಫೋನಿನಲ್ಲಿ ಡೀಲರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದಳು. ಅಲೆಯ ಎತ್ತರವನ್ನು ಎರಡನೆಯದಾಗಿ ಬರೆದಿದ್ದಳು. ಮೊದಲನೆಯದು: ತೊಟ್ಟಿಯ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ಒರೆಸಲು ಬರುತ್ತದೆಯೇ?